ಸೆಫ್ ಎಕ್ಸ್-ರೇಯಲ್ಲಿ ತಲೆಬುರುಡೆಯ ತಳ ಅಳೆಯುವುದು ಹೇಗೆ

ಬಸವನಗುಡಿಯ ನನ್ನ ಕ್ಲಿನಿಕ್ಕಿಗೆ ಬರುವ ಹೊಸ ಡೆಂಟಲ್ ಹುಡುಗರು ಲ್ಯಾಟರಲ್ ಸೆಫ್ (ತಲೆಯ ಪಕ್ಕದಿಂದ ತೆಗೆದ ಎಕ್ಸ್-ರೇ) ಕೈಗೆ ಸಿಕ್ಕ ಕೂಡಲೇ ಎಸ್‌ಎನ್‌ಎ (ಮೇಲ್ದವಡೆ ಎಷ್ಟು ಮುಂದಿದೆ ಅಂತ ಹೇಳುವ ಕೋನ) ಇಷ್ಟು, ಎಸ್‌ಎನ್‌ಬಿ (ಕೆಳದವಡೆಯ ಅಂಥದೇ ಕೋನ) ಇಷ್ಟು ಅಂತ ಒಪ್ಪಿಸುತ್ತಾರೆ. "ಎಸ್‌ಎನ್ ಗೆರೆ ನೋಡಿದ್ಯಾ?" ಅಂತ ಕೇಳಿದರೆ ಮಾತಿಲ್ಲ. ಬುರುಡೆ ತಳದ ಸೆಲ್ಲಾ, ನೇಸಿಯಾನ್ ಎಂಬ ಎರಡು ಬಿಂದು ಸೇರಿಸುವ ಗೆರೆ ಅದು. ಆ ಎರಡೂ ಕೋನ ನಿಂತಿರುವುದೇ ಆ ಗೆರೆ ಮೇಲೆ ಅಲ್ವಾ?

"ಹಲ್ಲು ಉಬ್ಬಿದೆ ಅಂತ ಬಂದ್ರೆ ತಲೆ ಯಾಕೆ ಅಳೀತೀರಾ ಡಾಕ್ಟ್ರೇ?" ಅಂತ ತಾಯಂದಿರೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮೇಲ್ದವಡೆ ಬುರುಡೆ ತಳದ ಮುಂಭಾಗಕ್ಕೆ ಅಂಟಿಕೊಂಡಿದೆ. ಕೆಳದವಡೆಯ ಕೀಲು ಕೂರುವ ಗುಳಿ ಹಿಂಭಾಗದಲ್ಲಿದೆ. ತಳ ಜಾಸ್ತಿ ಚಪ್ಪಟೆಯಾದರೆ ಆ ಗುಳಿ ಹಿಂದಕ್ಕೆ ಸರಿಯುತ್ತದೆ, ಜೊತೆಗೆ ಕೆಳದವಡೆಯೂ. ಜಾಸ್ತಿ ಬಾಗಿದ್ದರೆ ಕ್ಲಾಸ್ 3 (ಕೆಳದವಡೆ ಮುಂದಿರುವುದು) ಕಡೆ ವಾಲುತ್ತದೆ. ಇದು ಒಲವು ಅಷ್ಟೇ. ತಳದ ಬಾಗಿನ ಈ ಒಂದು ಕೋನ ಹಿಡಿದು ಯಾರ ದವಡೆಯ ಭವಿಷ್ಯವನ್ನೂ ಹೇಳಬೇಡಿ.

ಮೊದಲು ಫಿಲ್ಮಿನ ಅಳತೆ ಸರಿ ಇದೆಯಾ ನೋಡಿ. ಸ್ಕ್ಯಾನ್ ಸೆಂಟರ್‌ಗಳಲ್ಲಿ ಎಷ್ಟೋ ಸಲ ಚಿತ್ರವನ್ನು ಕುಗ್ಗಿಸಿ ಪ್ರಿಂಟ್ ಮಾಡಿರುತ್ತಾರೆ. ಮೂಗಿನ ಮುಂದೆ ಕಾಣುವ ಸ್ಕೇಲಿನ 10 ಮಿ.ಮೀ. ಗುರುತನ್ನು ನಿಮ್ಮ ಸ್ಕೇಲಿನಿಂದ ಅಳೆಯಿರಿ. ಚಿತ್ರ ಕುಗ್ಗಿದರೂ ಕೋನ ಬದಲಾಗುವುದಿಲ್ಲ, ಉದ್ದ ಬದಲಾಗುತ್ತದೆ.

ಮ್ಯಾಟ್ ಅಸಿಟೇಟ್ ಹಾಳೆ ಡೆಂಟಲ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. 0.3 ಪೆನ್ಸಿಲ್, ಪ್ರೊಟ್ರಾಕ್ಟರ್ ಅವೆನ್ಯೂ ರಸ್ತೆಯಲ್ಲಿ ಕೊಂಡರೆ ಸಾಕು. ಫಿಲ್ಮಿನ ಒಂದೇ ಅಂಚಿಗೆ ಟೇಪ್ ಹಾಕಿ, ಆಗ ಹಾಳೆ ಎತ್ತಿ ಕೆಳಗಿನ ಮೂಳೆ ನೋಡಬಹುದು.

ತಳದ ಬಾಗಿನ ಕೋನಕ್ಕೆ ಮೂರು ಬಿಂದು ಬೇಕು: ಮುಂದೆ ನೇಸಿಯಾನ್, ನಡುವೆ ಸೆಲ್ಲಾ, ಹಿಂದೆ ಬೇಸಿಯಾನ್. ಕೋನ ಅಳೆಯುವುದು ಸೆಲ್ಲಾದಲ್ಲಿ. ಸೆಲ್ಲಾ ಸುಲಭ. ಪಿಟ್ಯುಟರಿ ಗ್ರಂಥಿ ಕೂರುವ ಗುಳಿಯ ಗೆರೆ ಎಳೆದು, ಅದರ ನಡುವೆ ಚುಕ್ಕಿ ಇಡಿ. ನೇಸಿಯಾನ್‌ಗೆ ಮೂಗಿನ ಸೇತುವೆಯ ಆಳದ ಜಾಗ ಹಿಡಿಯಬೇಡಿ. ಹಣೆ ಮೂಳೆಗೂ ಮೂಗಿನ ಮೂಳೆಗೂ ನಡುವೆ ಸಣ್ಣ ಕಪ್ಪು ಗೆರೆ ಇರುತ್ತದೆ, ಅದರ ಮುಂದಿನ ತುದಿಯೇ ನೇಸಿಯಾನ್.

ಕಷ್ಟ ಇರುವುದು ಬೇಸಿಯಾನ್‌ನಲ್ಲಿ. ಕಿವಿಯಲ್ಲಿಟ್ಟ ರಾಡ್, ಕಿವಿಯ ಹಿಂದಿನ ಮೂಳೆ, ಎಲ್ಲದರ ನೆರಳೂ ಅಲ್ಲೇ ಬಿದ್ದಿರುತ್ತದೆ. ನಾನು ಕೋಣೆಯ ದೀಪ ಆರಿಸುತ್ತೇನೆ. ಕಪ್ಪು ರಟ್ಟಿನಲ್ಲಿ ಬೆಂಕಿಪೆಟ್ಟಿಗೆಯಷ್ಟು ಕಿಂಡಿ ಕೊರೆದು ಫಿಲ್ಮಿನ ಮೇಲಿಡುತ್ತೇನೆ. ಸುತ್ತಲಿನ ಬೆಳಕು ಕಣ್ಣಿಗೆ ಹೊಡೆಯದಿದ್ದರೆ ಮಸುಕು ಗೆರೆಯೂ ಎದ್ದು ಬರುತ್ತದೆ. ಸೆಲ್ಲಾದ ಹಿಂಗೋಡೆಯಿಂದ ಇಳಿಜಾರಾಗಿ ಕೆಳಗೆ ಹೋಗುವ ಮೂಳೆ ಕ್ಲೈವಸ್. ಅದರ ಮೇಲೆ ಪೆನ್ಸಿಲ್ ಜಾರಿಸುತ್ತಾ ಬನ್ನಿ. ಕತ್ತಿನ ಎರಡನೇ ಮೂಳೆಯ ಮೊನೆಗೆ ಸ್ವಲ್ಪ ಮೇಲೆ ಅದು ಮುಗಿಯುತ್ತದೆ. ಆ ತುದಿಯೇ ಬೇಸಿಯಾನ್.

ಏನು ಮಾಡಿದರೂ ಕಾಣಲಿಲ್ಲವಾ? ಆರ್ಟಿಕ್ಯುಲೇರ್ ಬಳಸಿ: ಕೆಳದವಡೆಯ ಹಿಂಬದಿ ಗೆರೆ ಬುರುಡೆ ತಳವನ್ನು ದಾಟುವ ಜಾಗ. ಆದರೆ ಹಲ್ಲು ಕಚ್ಚಿಕೊಂಡು ತೆಗೆದ ಚಿತ್ರವೇ ಬೇಕು, ಬಾಯಿ ತೆರೆದಿದ್ದರೆ ಆ ಬಿಂದು ಜರುಗುತ್ತದೆ. ಬೇಸಿಯಾನ್ ಹಿಡಿದರೆ ಕೋನ ಸುಮಾರು 130 ಡಿಗ್ರಿ, ಆರ್ಟಿಕ್ಯುಲೇರ್ ಹಿಡಿದರೆ ಸುಮಾರು 123. ಒಂದರ ಅಳತೆಯನ್ನು ಇನ್ನೊಂದರ ಸರಾಸರಿಗೆ ಹೋಲಿಸಿದರೆ ಇಲ್ಲದ ಕಾಯಿಲೆ ಹುಟ್ಟುತ್ತದೆ.

ಈಗ ಎಸ್‌ಎನ್ ಗೆರೆಗೆ ಬನ್ನಿ. ಕಿವಿರಂಧ್ರದ ಮೇಲಂಚಿನಿಂದ ಕಣ್ಣುಗೂಡಿನ ಕೆಳಂಚಿಗೆ ಎಳೆಯುವ ಫ್ರಾಂಕ್‌ಫರ್ಟ್ ಗೆರೆಗೂ ಇದಕ್ಕೂ ಸುಮಾರು 7 ಡಿಗ್ರಿ ಇರಬೇಕು. ಒಬ್ಬ ಹುಡುಗನಿಗೆ 12 ಬಂತು ಅಂದುಕೊಳ್ಳಿ. ಎಸ್‌ಎನ್‌ಎ 77, ಎಸ್‌ಎನ್‌ಬಿ 73. ಆರ್ಥೊಡಾಂಟಿಸ್ಟ್ ಸ್ಟೈನರ್ ಕೊಟ್ಟ ಸರಾಸರಿ 82, 80ರ ಪಕ್ಕ ಇಟ್ಟರೆ ಎರಡೂ ದವಡೆ ಹಿಂದೆ ಬಿದ್ದಿವೆ ಅನ್ನಿಸುತ್ತದೆ. ಓರೆಯ ಆ 5 ಡಿಗ್ರಿ ಸೇರಿಸಿ ನೋಡಿ: 82, 78. ಮೇಲ್ದವಡೆ ಜಾಗದಲ್ಲೇ ಇದೆ, ಕೆಳಗಿನದು ಸ್ವಲ್ಪ ಹಿಂದಿದೆ ಅಷ್ಟೇ. ಚಿಕಿತ್ಸೆಯ ದಾರಿಯೇ ಬೇರೆ ಆಯಿತು. ಎಎನ್‌ಬಿ (ಎಸ್‌ಎನ್‌ಎ, ಎಸ್‌ಎನ್‌ಬಿಗಳ ವ್ಯತ್ಯಾಸ) ಮಾತ್ರ ಎರಡು ಲೆಕ್ಕದಲ್ಲೂ 4. ಅನುಮಾನ ಉಳಿದರೆ ವಿಟ್ಸ್ ಅಳತೆಯನ್ನೂ (ಹಲ್ಲು ಕಚ್ಚುವ ಗೆರೆಯ ಮೇಲೆ ಎರಡು ದವಡೆಗಳ ಅಂತರ) ತೆಗೆಯಿರಿ, ಅದಕ್ಕೆ ಎಸ್‌ಎನ್ ಗೆರೆಯ ಹಂಗಿಲ್ಲ. ಸ್ಟೈನರ್ ಅಂಕಿಗಳು ಅಮೆರಿಕದವು, ನಮ್ಮ ಮಕ್ಕಳಿಗೆ ಅವನ್ನು ಕಲ್ಲಿನ ಮೇಲೆ ಕೆತ್ತಿದ ಹಾಗೆ ಹಿಡಿಯಬೇಡಿ.

ಒಂದು ವಾರ ಬಿಟ್ಟು, ಹಳೆಯದನ್ನು ನೋಡದೆ, ಅದೇ ಫಿಲ್ಮನ್ನು ಇನ್ನೊಮ್ಮೆ ಟ್ರೇಸ್ ಮಾಡಿ. ಒಂದು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಬೇಸಿಯಾನ್ ಮೇಲೇ ಮೊದಲು ಅನುಮಾನ ಪಡಿ. ಸಾಫ್ಟ್‌ವೇರ್‌ನಲ್ಲಿ ಮಾಡಿದರೂ ಅಷ್ಟೇ, ಚುಕ್ಕಿ ಇಡುವುದು ನಿಮ್ಮ ಬೆರಳೇ. ಕೇಸ್ ಶೀಟಿನಲ್ಲಿ ಬರೀ ಕೋನ ಬರೆಯಬೇಡಿ, ಯಾವ ಬಿಂದು ಹಿಡಿದಿರಿ ಅಂತಲೂ ಪಕ್ಕದಲ್ಲಿ ಬರೆಯಿರಿ.