ಎದೆಬಡಿತ ಆಗೊಮ್ಮೆ ಈಗೊಮ್ಮೆ ತಪ್ಪುತ್ತಿದ್ದರೆ ರಕ್ತ ತೆಳುವಾಗಿಸುವ ಮಾತ್ರೆ ಬೇಕೇ, ಬೇಡವೇ?

ಎದೆ ಒಮ್ಮೊಮ್ಮೆ ಡವಡವ ಎನ್ನುತ್ತದೆ, ಅರ್ಧ ಗಂಟೆಯೋ ಅರ್ಧ ದಿನವೋ ಇದ್ದು ತಾನಾಗಿ ಸರಿಹೋಗುತ್ತದೆ. ಉತ್ತರ ಕನ್ನಡದ ಹಳ್ಳಿಯಿಂದ ಶಿರಸಿಗೋ ಕುಮಟೆಗೋ ಹೋಗಿ ಮುಟ್ಟುವಷ್ಟರಲ್ಲಿ ಇಸಿಜಿ ನೆಟ್ಟಗೆ ಬರುತ್ತದೆ. ಆದರೂ ವೈದ್ಯರು ರಕ್ತ ತೆಳುವಾಗಿಸುವ ಮಾತ್ರೆ ಬರೆಯುತ್ತಾರೆ, ಅದೂ ಜೀವನಪೂರ್ತಿಗೆ. ವರ್ಷಕ್ಕೆ ಎರಡು ಮೂರು ಸಲ ಬರುವುದಕ್ಕೆ ದಿನಾ ಮಾತ್ರೆ ಯಾಕೆ ಎಂದು ಮನೆಯವರು ಕೇಳುವುದು ಸಹಜ. ಈ ತೀರ್ಮಾನದಲ್ಲಿ ಬಡಿತ ಎಷ್ಟು ಸಲ ತಪ್ಪಿತು ಎಂಬುದಕ್ಕಿಂತ ನಿಮ್ಮ ವಯಸ್ಸು, ಬಿ.ಪಿ., ಶುಗರ್ ಮತ್ತು ಹೃದಯದ ಕವಾಟದ ಸ್ಥಿತಿ ಹೆಚ್ಚು ತೂಗುತ್ತವೆ. ಹಾಗಾಗಿ ಲೆಕ್ಕ ಹಾಕಬೇಕಾದ್ದು ಅವುಗಳನ್ನು.

ಮೊದಲು ಅದು ಯಾವ ಬಡಿತ ಎಂದು ಗೊತ್ತಾಗಲಿ

ಬಡಿತ ತಪ್ಪಿದ್ದೆಲ್ಲ ಈ ಮಾತ್ರೆಗೆ ಕಾರಣವಾಗುವುದಿಲ್ಲ. ಒಂದೇ ಲಯದಲ್ಲಿ ಹೋಗುತ್ತಿರುವ ನಾಡಿ ಮಧ್ಯೆ ಒಂದು ಹೊಡೆತ ಬಿಟ್ಟು, ಮುಂದಿನ ಹೊಡೆತ ‘ಧಡ್’ ಎಂದು ಜೋರಾಗಿ ಬಂದರೆ ಅದು ಹೆಚ್ಚಾಗಿ ಎಕ್ಟೋಪಿಕ್ ಬಡಿತ. ಅದಕ್ಕಾಗಿ ರಕ್ತ ತೆಳು ಮಾಡುವ ಅಗತ್ಯವಿಲ್ಲ. ಏಟ್ರಿಯಲ್ ಫಿಬ್ರಿಲೇಷನ್ ಬೇರೆ. ಅದರಲ್ಲಿ ನಾಡಿಗೆ ಲಯವೇ ಇರುವುದಿಲ್ಲ. ಒಂದು ಹೊಡೆತಕ್ಕೂ ಮುಂದಿನದಕ್ಕೂ ನಡುವಿನ ಅಂತರ ಪ್ರತಿ ಸಲ ಬೇರೆ. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಕುಗ್ಗದೆ ಅದುರುತ್ತಿರುತ್ತವೆ. ಆಗ ಎಡಕೋಣೆಗೆ ಅಂಟಿಕೊಂಡ ಸಣ್ಣ ಚೀಲದಲ್ಲಿ, ಹೊಳೆಯ ಮಡುವಿನಲ್ಲಿ ನೀರು ನಿಂತ ಹಾಗೆ, ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮಿದುಳಿಗೆ ಹೋದರೆ ಲಕ್ವ. ಲಯ ಮರಳಿದ ಮೇಲೂ ಹೆಪ್ಪು ಅಲ್ಲೇ ಉಳಿದು, ಆಮೇಲೆ ಹೊರಡಬಹುದು. ಎದೆ ಸುಮ್ಮನಾಯಿತು ಎಂದರೆ ಅಪಾಯ ಕಳೆಯಿತು ಎಂದಲ್ಲ.

ಡವಡವ ಶುರುವಾದಾಗ ಮಣಿಕಟ್ಟಿನ ನಾಡಿಯನ್ನು ಪೂರ್ತಿ 60 ಸೆಕೆಂಡು ಹಿಡಿದು ನೋಡಿ. ಸಮಯ, ಹೊಡೆತಗಳ ಸಂಖ್ಯೆ, ಲಯ ಇತ್ತೇ ಇಲ್ಲವೇ ಎಂಬುದನ್ನು ಬರೆದಿಡಿ. ನಿಲ್ಲುವ ಮೊದಲೇ ಹತ್ತಿರದ ಯಾವುದೇ ಆಸ್ಪತ್ರೆಯಲ್ಲಿ ಇಸಿಜಿ ತೆಗೆಸಿಕೊಳ್ಳಿ. ಅದಕ್ಕೆ ಹೃದಯತಜ್ಞರೇ ಇರಬೇಕೆಂದಿಲ್ಲ, ತಾಲೂಕು ಆಸ್ಪತ್ರೆಯ ಇಸಿಜಿಯೂ ನಡೆಯುತ್ತದೆ. ಅದರ ಫೋಟೊ ಫೋನಿನಲ್ಲಿರಲಿ, ಯಾಕೆಂದರೆ ಉಷ್ಣದಿಂದ ಮೂಡುವ ಆ ಕಾಗದ ಕಾಲಕ್ರಮೇಣ ಮಾಸಿಹೋಗುತ್ತದೆ. ಇಸಿಜಿಯಲ್ಲಿ ಸಿಗದಿದ್ದರೆ 24 ಅಥವಾ 48 ಗಂಟೆ ಬಿಡದೆ ಬಡಿತ ದಾಖಲಿಸುವ ಹೋಲ್ಟರ್ ಯಂತ್ರ ಕಟ್ಟುತ್ತಾರೆ. ವಾಚ್ ತೋರಿಸುವ ಎಚ್ಚರಿಕೆ ಸುಳಿವು ಮಾತ್ರ. ಕನಿಷ್ಠ 30 ಸೆಕೆಂಡಿನ ಇಸಿಜಿ ಗೆರೆಯನ್ನು ವೈದ್ಯರು ನೋಡಿ ಒಪ್ಪಿದ ಮೇಲೆಯೇ ರೋಗನಿರ್ಣಯ.

ಜೊತೆಗೆ ಒಂದು ಎಕೋ (ಹೃದಯದ ಸ್ಕ್ಯಾನ್), ಥೈರಾಯ್ಡಿನ ಟಿಎಸ್‌ಎಚ್, ಕಿಡ್ನಿಯ ಕ್ರಿಯಾಟಿನಿನ್, ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಲಿವರ್ ಪರೀಕ್ಷೆ. ಥೈರಾಯ್ಡ್ ಏರಿದ್ದರೆ, ಕುಡಿತ ಹೆಚ್ಚಾಗಿದ್ದರೆ ಬಡಿತ ಹೀಗೆ ಕೆಡುವುದುಂಟು.

ಅಂಕ ಕೂಡಿ

ಲಕ್ವದ ಅಪಾಯ ಅಳೆಯಲು ವೈದ್ಯರು ಬಳಸುವುದು ಚಾಡ್ಸ್-ವಾಸ್ಕ್ ಎಂಬ ಲೆಕ್ಕ. ಹೃದಯದ ಪಂಪಿಂಗ್ ಕುಗ್ಗಿದ್ದರೆ 1, ಬಿ.ಪಿ. ಇದ್ದರೆ (ಮಾತ್ರೆಯಿಂದ ಹತೋಟಿಯಲ್ಲಿದ್ದರೂ) 1, ಶುಗರ್ ಇದ್ದರೆ 1, ಹಿಂದೆ ಹಾರ್ಟ್ ಅಟ್ಯಾಕ್ ಆಗಿದ್ದರೆ ಅಥವಾ ಕಾಲಿನ ರಕ್ತನಾಳ ಕಟ್ಟಿದ್ದರೆ 1. ವಯಸ್ಸು 65ರಿಂದ 74 ಆಗಿದ್ದರೆ 1, 75 ಅಥವಾ ಹೆಚ್ಚಾಗಿದ್ದರೆ 2. ಹಿಂದೆ ಲಕ್ವವಾಗಿದ್ದರೆ, ಅಥವಾ ಕೈಯೋ ಮಾತೋ ಸ್ವಲ್ಪ ಹೊತ್ತು ಹೋಗಿ ಮರಳಿದ್ದರೂ 2. ಹಳೆಯ ಲೆಕ್ಕದಲ್ಲಿ ಹೆಂಗಸರಿಗೆ ಇನ್ನೊಂದು ಅಂಕವಿತ್ತು. ಯುರೋಪಿನ ಹೃದ್ರೋಗ ತಜ್ಞರ 2024ರ ಮಾರ್ಗಸೂಚಿ ಅದನ್ನು ಕೈಬಿಟ್ಟಿದೆ.

ಈ ಹೊಸ ಲೆಕ್ಕದ ಪ್ರಕಾರ 2 ಅಥವಾ ಹೆಚ್ಚು ಬಂದರೆ ಮಾತ್ರೆ ಬೇಕು. 1 ಬಂದರೆ ಕೂತು ಮಾತಾಡಬೇಕು. 0 ಬಂದರೆ ಬೇಡ. ಸಿದ್ದಾಪುರದ 58 ವರ್ಷದ ಅಡಿಕೆ ಬೆಳೆಗಾರರಿಗೆ ಬೇರೆ ಯಾವ ಕಾಯಿಲೆಯೂ ಇಲ್ಲದಿದ್ದರೆ, ತಿಂಗಳಿಗೆ ನಾಲ್ಕು ಸಲ ಎದೆ ಬಡಿದುಕೊಂಡರೂ ಅಂಕ 0. ಕಾರವಾರದ 68 ವರ್ಷದ, ಬಿ.ಪಿ. ಇರುವ ಮೀನುಗಾರರಿಗೆ ವರ್ಷಕ್ಕೆ ಒಮ್ಮೆ ಬಂದರೂ ಅಂಕ 2. ಎರಡನೆಯವರಿಗೆ ಮಾತ್ರೆ ಬೇಕು, ಮೊದಲನೆಯವರಿಗೆ ಬೇಡ.

ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಮಧ್ಯಮ ಅಥವಾ ತೀವ್ರವಾಗಿ ಕಿರಿದಾಗಿದ್ದರೆ, ಇಲ್ಲವೇ ಲೋಹದ ಕವಾಟ ಹಾಕಿಸಿದ್ದರೆ, ಈ ಲೆಕ್ಕ ನಿಮಗಲ್ಲ. ಅಂಕ ಎಷ್ಟೇ ಇರಲಿ, ಮಾತ್ರೆ ಬೇಕೇ ಬೇಕು. ಎಕೋ ಮಾಡಿಸದೆ ತೀರ್ಮಾನಕ್ಕೆ ಬರಬಾರದು ಎನ್ನುವುದು ಇದಕ್ಕೇ.

ಲಾಭ ಎಷ್ಟು, ಅಪಾಯ ಎಷ್ಟು

ಅಂಕ 2 ಇದ್ದವರಲ್ಲಿ ಮಾತ್ರೆಯಿಲ್ಲದೆ ವರ್ಷಕ್ಕೆ ನೂರರಲ್ಲಿ ಸುಮಾರು ಇಬ್ಬರಿಗೆ, ಅಂಕ 4 ಇದ್ದವರಲ್ಲಿ ನಾಲ್ಕೈದು ಜನರಿಗೆ ಲಕ್ವವಾಗುತ್ತದೆ. ಮಾತ್ರೆ ಇದನ್ನು ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಸುತ್ತದೆ. ಎದುರಿಗೆ ರಕ್ತಸ್ರಾವವಿದೆ. 2011ರ ಅರಿಸ್ಟಾಟಲ್ ಅಧ್ಯಯನದಲ್ಲಿ ದೊಡ್ಡ ರಕ್ತಸ್ರಾವ ಅಪಿಕ್ಸಬಾನ್ ಎಂಬ ಹೊಸ ಮಾತ್ರೆ ತೆಗೆದುಕೊಂಡವರಲ್ಲಿ ವರ್ಷಕ್ಕೆ ನೂರಕ್ಕೆ 2.1, ಹಳೆಯ ಮಾತ್ರೆ ವಾರ್ಫರಿನ್‌ನವರಲ್ಲಿ 3.1. ತಲೆಯೊಳಗಿನ ರಕ್ತಸ್ರಾವ 0.33 ಮತ್ತು 0.80. ಸಂಖ್ಯೆಗಳು ಹತ್ತಿರ ಹತ್ತಿರ ಕಂಡರೂ ಎರಡು ಪೆಟ್ಟುಗಳ ತೂಕ ಒಂದೇ ಅಲ್ಲ. ಹೊಟ್ಟೆಯ ರಕ್ತಸ್ರಾವದಿಂದ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಈ ಬಗೆಯ ಲಕ್ವ ದೊಡ್ಡದಾಗಿಯೇ ಬಂದು ಹಾಸಿಗೆ ಹಿಡಿಸುವುದು ಹೆಚ್ಚು.

‘ಪೂರ್ತಿ ಮಾತ್ರೆ ಬೇಡ, ಆಸ್ಪಿರಿನ್ ಸಾಕು’ ಎಂಬ ನಡುದಾರಿ ಈಗಲೂ ಚಾಲ್ತಿಯಲ್ಲಿದೆ. ಅದನ್ನು ಬಿಡಬೇಕು. 2011ರ ಅವೆರೋಸ್ ಅಧ್ಯಯನದಲ್ಲಿ ಲಕ್ವ ಮತ್ತು ಹೆಪ್ಪಿನ ತೊಂದರೆ ಆಸ್ಪಿರಿನ್‌ನವರಲ್ಲಿ ವರ್ಷಕ್ಕೆ ನೂರಕ್ಕೆ 3.7, ಅಪಿಕ್ಸಬಾನ್‌ನವರಲ್ಲಿ 1.6. ದೊಡ್ಡ ರಕ್ತಸ್ರಾವ 1.2 ಮತ್ತು 1.4, ಅಂದರೆ ಹೆಚ್ಚುಕಡಿಮೆ ಸಮ. ಡವಡವ ಎಂದಾಗ ಮಾತ್ರ ಒಂದು ಮಾತ್ರೆ ನುಂಗುವ ಪದ್ಧತಿಗೂ ಆಧಾರವಿಲ್ಲ; ಎಷ್ಟೋ ಸಲ ಬಡಿತ ತಪ್ಪಿದ್ದು ರೋಗಿಗೆ ಗೊತ್ತೇ ಆಗುವುದಿಲ್ಲ.

ರಕ್ತಸ್ರಾವದ ಭಯವಿದ್ದರೆ ಮಾತ್ರೆ ಬಿಡುವ ಮೊದಲು ತಿದ್ದಬಹುದಾದ್ದನ್ನು ತಿದ್ದಿ. ಮೇಲಿನ ಬಿ.ಪಿ. 160 ದಾಟಿದ್ದರೆ ಇಳಿಸಿ. ಸೊಂಟನೋವಿಗೆ ಮೆಡಿಕಲ್ಲಿನಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ನಿಲ್ಲಿಸಿ, ಪ್ಯಾರಾಸಿಟಮಾಲ್ ಆಗಬಹುದು. ಕುಡಿತ ಬಿಡಿ. ಹೊಟ್ಟೆಹುಣ್ಣು, ಮೂಲವ್ಯಾಧಿ ಇದ್ದರೆ ಮೊದಲೇ ಹೇಳಿ.

ಯಾವ ಮಾತ್ರೆ, ಎಷ್ಟು

ಕವಾಟ ಕಿರಿದಾದವರಿಗೆ ಮತ್ತು ಲೋಹದ ಕವಾಟದವರಿಗೆ ವಾರ್ಫರಿನ್ ಅಥವಾ ಅಸಿಟ್ರೋಮ್ ಮಾತ್ರ. ರುಮ್ಯಾಟಿಕ್ ಹೃದ್ರೋಗದ ನಾಲ್ಕೂವರೆ ಸಾವಿರ ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಇನ್‌ವಿಕ್ಟಸ್ ಅಧ್ಯಯನದಲ್ಲಿ ಹೊಸ ಮಾತ್ರೆಗಿಂತ ಹಳೆಯದೇ ಹೆಚ್ಚು ಜೀವ ಉಳಿಸಿತು. ಉಳಿದವರಿಗೆ ಹೊಸವು (ಅಪಿಕ್ಸಬಾನ್, ರಿವರೋಕ್ಸಬಾನ್, ಡಬಿಗಟ್ರಾನ್) ಅನುಕೂಲ, ಮುಖ್ಯವಾಗಿ ರಕ್ತ ಎಷ್ಟು ತೆಳುವಾಗಿದೆ ಎಂದು ಅಳೆಯುವ ಐಎನ್‌ಆರ್ ತಪಾಸಣೆಯ ಓಡಾಟ ಇಲ್ಲದ್ದರಿಂದ. ವಾರ್ಫರಿನ್‌ನಲ್ಲಿ ಐಎನ್‌ಆರ್ ಸಾಮಾನ್ಯವಾಗಿ 2ರಿಂದ 3ರೊಳಗೆ ನಿಲ್ಲಬೇಕು (ಲೋಹದ ಕವಾಟದವರಿಗೆ ಗುರಿ ಇನ್ನೂ ಮೇಲಿರಬಹುದು), ಅಳತೆ ಸ್ಥಿರವಾದ ಮೇಲೂ ತಿಂಗಳಿಗೊಮ್ಮೆ ರಕ್ತ ಕೊಡಬೇಕು. ಒಳನಾಡಿನ ಮನೆಗಳಿಂದ ಮಳೆಗಾಲದಲ್ಲಿ ಇದನ್ನು ತಪ್ಪದೆ ಮಾಡಲು ಆಗುತ್ತದೆಯೇ ಎಂದು ಮೊದಲೇ ಯೋಚಿಸಿ.

ಹೊಸ ಮಾತ್ರೆಗಳ ಅಳತೆ ಕಿಡ್ನಿಯ ಮೇಲೆ ನಿಂತಿದೆ, ತಪ್ಪು ಹೆಚ್ಚು ನಡೆಯುವುದೂ ಅಲ್ಲೇ. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂಬ ಸಂಖ್ಯೆ ಹೀಗೆ ಸಿಗುತ್ತದೆ: 140ರಿಂದ ವಯಸ್ಸು ಕಳೆಯಿರಿ, ತೂಕದಿಂದ ಗುಣಿಸಿ, ಕ್ರಿಯಾಟಿನಿನ್ನನ್ನು 72ರಿಂದ ಗುಣಿಸಿ ಬಂದದ್ದರಿಂದ ಭಾಗಿಸಿ, ಹೆಂಗಸರಾದರೆ 0.85ರಿಂದ ಗುಣಿಸಿ. 72 ವರ್ಷ, 52 ಕಿಲೋ, ಕ್ರಿಯಾಟಿನಿನ್ 1.1 ಇರುವ ಹೆಂಗಸಿಗೆ ಇದು ಸುಮಾರು 38 ಬರುತ್ತದೆ. ಲ್ಯಾಬಿನ ಚೀಟಿಯಲ್ಲಿ 1.1 ‘ನಾರ್ಮಲ್’ ಎಂದೇ ಇರುತ್ತದೆ, ಆದರೆ ಸಣ್ಣ ಮೈಯ ಹಿರಿಯರಲ್ಲಿ ಆ ಸಂಖ್ಯೆ ಮೋಸ ಮಾಡುತ್ತದೆ. ರಿವರೋಕ್ಸಬಾನ್ ಆದರೆ ಇವರಿಗೆ 20ರ ಬದಲು 15 ಮಿ.ಗ್ರಾಂ, ಯಾಕೆಂದರೆ 50ಕ್ಕೆ ಇಳಿದ ಮೇಲೆ ಅಳತೆ ತಗ್ಗುತ್ತದೆ. ಅಪಿಕ್ಸಬಾನ್ ಆದರೆ ದಿನಕ್ಕೆ ಎರಡು ಸಲ 5 ಮಿ.ಗ್ರಾಂ ಪೂರ್ತಿ ಅಳತೆಯೇ. 80 ವರ್ಷ ಆಗಿರುವುದು, ತೂಕ 60 ಕಿಲೋ ಅಥವಾ ಕಡಿಮೆ, ಕ್ರಿಯಾಟಿನಿನ್ 1.5 ಅಥವಾ ಹೆಚ್ಚು, ಈ ಮೂರರಲ್ಲಿ ಎರಡು ಇದ್ದರೆ ಮಾತ್ರ 2.5ಕ್ಕೆ ಇಳಿಸುವುದು, ಇವರಿಗಿರುವುದು ಒಂದೇ. ‘ವಯಸ್ಸಾಗಿದೆ, ಕಡಿಮೆ ಇರಲಿ’ ಎಂದು ಇಳಿಸಿದರೆ ಲಕ್ವದಿಂದ ಸಿಗುವ ರಕ್ಷಣೆ ಕಡಿಮೆಯಾಗುತ್ತದೆ. ಡಬಿಗಟ್ರಾನ್ ಬಹುಪಾಲು ಕಿಡ್ನಿಯಿಂದಲೇ ಹೊರಹೋಗುವುದರಿಂದ 30ರ ಕೆಳಗೆ ಬೇಡ.

ರಿವರೋಕ್ಸಬಾನ್ ಊಟದ ಜೊತೆಗೇ ಆಗಬೇಕು, ಖಾಲಿ ಹೊಟ್ಟೆಯಲ್ಲಿ ಅದು ಪೂರ್ತಿ ರಕ್ತಕ್ಕೆ ಸೇರುವುದಿಲ್ಲ. ಡಬಿಗಟ್ರಾನ್ ಕ್ಯಾಪ್ಸೂಲನ್ನು ಒಡೆದು ಪುಡಿ ಕುಡಿಸಬಾರದು. ಕಿಡ್ನಿಯ ಸಂಖ್ಯೆ 60ಕ್ಕಿಂತ ಕಡಿಮೆ ಇದ್ದರೆ ಅದನ್ನು 10ರಿಂದ ಭಾಗಿಸಿ. ಅಷ್ಟು ತಿಂಗಳಿಗೊಮ್ಮೆ ಮತ್ತೆ ರಕ್ತ ಪರೀಕ್ಷೆ.

ಈ ಊರಿನಲ್ಲಿ ಮಾತ್ರೆಯೊಂದಿಗೆ ಬಾಳುವುದು

ವಾರ್ಫರಿನ್ ಅಥವಾ ಅಸಿಟ್ರೋಮ್ ತೆಗೆದುಕೊಳ್ಳುವವರು ಸೊಪ್ಪು ಬಿಡಬೇಕಾಗಿಲ್ಲ. ವಾರದಿಂದ ವಾರಕ್ಕೆ ಒಂದೇ ಪ್ರಮಾಣದಲ್ಲಿ ತಿನ್ನಬೇಕು. ತೊಂದರೆ ಬರುವುದು ಆಷಾಢದಲ್ಲಿ. ಬೇಸಿಗೆಯಲ್ಲಿ ಸೊಪ್ಪು ಅಪರೂಪವಾಗಿದ್ದ ಮನೆಯಲ್ಲಿ ಪತ್ರೊಡೆ, ಚಗಟೆ ಸೊಪ್ಪು, ಬಸಳೆ, ನುಗ್ಗೆಸೊಪ್ಪು ಒಟ್ಟಿಗೆ ಶುರುವಾದರೆ ವಿಟಮಿನ್ ಕೆ ಏರಿ ಐಎನ್‌ಆರ್ ಇಳಿಯುತ್ತದೆ. ಆ ಬದಲಾವಣೆಯ ಹೊತ್ತಿಗೆ ಒಂದು ಹೆಚ್ಚುವರಿ ಐಎನ್‌ಆರ್ ಮಾಡಿಸಿ. ಹೊಸ ಮಾತ್ರೆಗಳಿಗೆ ಸೊಪ್ಪಿನ ಕಟ್ಟುಪಾಡಿಲ್ಲ, ಮೀನಿಗೆ ಯಾವುದಕ್ಕೂ ಇಲ್ಲ. ನಾಟಿ ಮದ್ದು, ಚೂರ್ಣ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡಬೇಡಿ.

ಹೊಸ ಮಾತ್ರೆಯ ಪ್ರಭಾವ ಒಂದೆರಡು ದಿನದಲ್ಲೇ ಇಳಿದುಹೋಗುತ್ತದೆ. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾದದ್ದು ನೆನಪಿರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕನಿಷ್ಠ ಮೂರು ವಾರದ ಮಾತ್ರೆ ಮನೆಯಲ್ಲಿರಲಿ. ಒಂದು ಹೊತ್ತು ಮರೆತರೆ ಅಪಿಕ್ಸಬಾನ್‌ಗೆ 6 ಗಂಟೆಯೊಳಗೆ, ರಿವರೋಕ್ಸಬಾನ್‌ಗೆ 12 ಗಂಟೆಯೊಳಗೆ ತೆಗೆದುಕೊಳ್ಳಬಹುದು. ಅದು ಮೀರಿದರೆ ಬಿಟ್ಟುಬಿಡಿ, ಎರಡನ್ನು ಒಟ್ಟಿಗೆ ನುಂಗಬೇಡಿ.

ತೋಟದಲ್ಲಿ ಉಂಬಳ ಕಚ್ಚಿದ ಜಾಗ, ಕತ್ತಿ ತಾಗಿದ ಗಾಯ ಹೆಚ್ಚು ಹೊತ್ತು ಸೋರುತ್ತವೆ. ಶುಭ್ರ ಬಟ್ಟೆಯಿಂದ 10–15 ನಿಮಿಷ, ನಡುವೆ ತೆಗೆದು ನೋಡದೆ, ಒತ್ತಿ ಹಿಡಿಯಿರಿ. ಅಡಿಕೆ ಮರ ಹತ್ತುವುದನ್ನು ಬಿಡಿ. ತಲೆಗೆ ಪೆಟ್ಟು ಬಿದ್ದರೆ ಆರಾಮಾಗಿ ಮಾತಾಡುತ್ತಿದ್ದರೂ ಅದೇ ದಿನ ಸಿಟಿ ಸ್ಕ್ಯಾನ್ ಬೇಕು. ಮಲ ಡಾಂಬರಿನಂತೆ ಕಪ್ಪಾದರೆ ತಡಮಾಡಬೇಡಿ.

ಜ್ವರದ ವಿಷಯದಲ್ಲಿ ಈ ಜಿಲ್ಲೆಯವರು ಇತರರಿಗಿಂತ ಹೆಚ್ಚು ಎಚ್ಚರ ವಹಿಸಬೇಕು. ಬೇಸಿಗೆಗೆ ಮೊದಲೇ ಶುರುವಾಗುವ ಮಂಗನ ಕಾಯಿಲೆ, ಮಳೆಗಾಲದ ಡೆಂಗಿ ಮತ್ತು ಇಲಿ ಜ್ವರ, ಮೂರರಲ್ಲೂ ಪ್ಲೇಟ್‌ಲೆಟ್ ಕುಸಿದು ರಕ್ತಸ್ರಾವವಾಗಬಹುದು. ಈ ಮಾತ್ರೆಯಲ್ಲಿರುವವರು ಮೂರು ದಿನ ಕಾಯದೆ ಮೊದಲ ದಿನವೇ ಪ್ಲೇಟ್‌ಲೆಟ್ ಎಣಿಸಿಕೊಳ್ಳಬೇಕು. 50,000ಕ್ಕಿಂತ ಇಳಿದರೆ ವೈದ್ಯರು ಸಾಮಾನ್ಯವಾಗಿ ಮಾತ್ರೆ ತಡೆಹಿಡಿಯುತ್ತಾರೆ. ಮತ್ತೆ ಯಾವಾಗ ಶುರು ಎಂದು ಅಲ್ಲೇ ಬರೆಸಿಕೊಳ್ಳಿ. ತಡೆಹಿಡಿದ ಮಾತ್ರೆ ಹಾಗೇ ಮರೆತುಹೋಗುವುದುಂಟು.

ಬಾಯಿ ಸೊಟ್ಟಗಾದರೆ, ಕೈ ಬಿದ್ದರೆ, ಮಾತು ತೊದಲಿದರೆ 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವುದು ನಾಲ್ಕೂವರೆ ಗಂಟೆ. ಶಿರಸಿಯಿಂದ ಹುಬ್ಬಳ್ಳಿ, ಭಟ್ಕಳದಿಂದ ಮಣಿಪಾಲ, ಕಾರವಾರದಿಂದ ಗೋವಾ ಎಂದರೆ ಅದರಲ್ಲಿ ಎರಡು ಮೂರು ಗಂಟೆ ದಾರಿಯಲ್ಲೇ ಹೋಗುತ್ತದೆ. ಹೊರಡುವ ಮೊದಲು ಸಿಟಿ ಸ್ಕ್ಯಾನ್ ಮತ್ತು ಆ ಇಂಜೆಕ್ಷನ್ ಇರುವ ಆಸ್ಪತ್ರೆ ಯಾವುದೆಂದು ಫೋನ್ ಮಾಡಿ ಕೇಳಿ. ಮಾತ್ರೆಯ ಹೆಸರು, ಅಳತೆ, ಕೊನೆಯದನ್ನು ತೆಗೆದುಕೊಂಡ ಸಮಯ ಬರೆದ ಚೀಟಿ ಜೇಬಿನಲ್ಲಿರಲಿ. ಅದಿಲ್ಲದೆ ಅಲ್ಲಿನ ವೈದ್ಯರು ಇಂಜೆಕ್ಷನ್ ಕೊಡುವುದೋ ಬಿಡುವುದೋ ಎಂದು ತೀರ್ಮಾನಿಸಲಾರರು.

ಈಗ ಬೇಡ ಎಂದು ತೀರ್ಮಾನವಾದವರು ವರ್ಷಕ್ಕೊಮ್ಮೆ ಅಂಕ ಮತ್ತೆ ಕೂಡಿ ನೋಡಬೇಕು. 65 ತುಂಬಿದಾಗ, ಶುಗರ್ ಅಥವಾ ಬಿ.ಪಿ. ಹೊಸದಾಗಿ ಕಂಡಾಗ, ಸ್ಟೆಂಟ್ ಹಾಕಿಸಿದಾಗ ವರ್ಷ ತುಂಬುವವರೆಗೂ ಕಾಯುವುದು ಬೇಡ. ಅಬ್ಲೇಷನ್ (ಬಡಿತ ಕೆಡಿಸುವ ಜಾಗವನ್ನು ಸುಡುವ ಅಥವಾ ಹೆಪ್ಪುಗಟ್ಟಿಸಿ ನಿಷ್ಕ್ರಿಯಗೊಳಿಸುವ ಚಿಕಿತ್ಸೆ) ಮಾಡಿಸಿಕೊಂಡು ಬಡಿತ ಸರಿಯಾದವರೂ ಕನಿಷ್ಠ ಎರಡು ತಿಂಗಳು ಮಾತ್ರೆ ಮುಂದುವರಿಸಿ, ಆಮೇಲೆ ಇದೇ ಅಂಕ ನೋಡಿ ತೀರ್ಮಾನಿಸುವುದು.