ಒಂದೇ ಹೊಲಿಗೆ ಬರುವ ಹಳೇ ಕಾಲು ಮಷಿನ್

ನನ್ನ ಹತ್ತಿರ ಇರುವ ಸಿಂಗರ್ ಮಷಿನ್‌ಗೆ ಬರುವುದು ಒಂದೇ ಹೊಲಿಗೆ, ನೇರ ಹೊಲಿಗೆ. ಜಿಗ್‌ಜಾಗ್ ಇಲ್ಲ, ಅಂಚಿನ ಎಳೆ ಬಿಡದಂತೆ ಹಾಕುವ ಓವರ್‌ಲಾಕ್ ಇಲ್ಲ, ಗುಂಡಿ ತೂರಿಸುವ ಕಾಜಾ ಕೈಯಲ್ಲೇ ಮಾಡಬೇಕು. ಆದರೂ ಮನೆಗೆ ಬೇಕಾದ ಬಟ್ಟೆಬರೆ ಹೊಲಿಯಲು ಇದಕ್ಕಿಂತ ಒಳ್ಳೆಯ ಮಷಿನ್ ನಾನು ನೋಡಿಲ್ಲ. ಆ ಒಂದು ಹೊಲಿಗೆಯನ್ನು ಇದು ಅಷ್ಟು ಚೆನ್ನಾಗಿ ಹಾಕುತ್ತದೆ.

ಇದು ನಮ್ಮ ಅತ್ತೆಯ ತವರಿನದು. ಮೂಡಿಗೆರೆ ಕಡೆಯ ತೋಟದ ಮನೆಯ ಅಟ್ಟದಲ್ಲಿ, ಕಾಫಿ ಗೋಣಿಗಳ ಕೆಳಗೆ ಬಿದ್ದಿತ್ತು. ಚಿಕ್ಕಮಗಳೂರಿಗೆ ಜೀಪಿನಲ್ಲಿ ತಂದಾಗ ಚಕ್ರ ಒಂದಿಷ್ಟೂ ಅಲ್ಲಾಡುತ್ತಿರಲಿಲ್ಲ. ಮೈಮೇಲೆ ಕೊರೆದಿರುವ ನಂಬರ್ ವೈ ಅಕ್ಷರದಿಂದ ಶುರುವಾಗುತ್ತದೆ. ಅಂದರೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯಲ್ಲಿ 1920ರ ದಶಕದಲ್ಲೋ 30ರ ಮೊದಲ ವರ್ಷಗಳಲ್ಲೋ ತಯಾರಾದದ್ದು. ಆ ಕಾರ್ಖಾನೆ 1980ರಲ್ಲೇ ಬಾಗಿಲು ಹಾಕಿತು. ಮಷಿನ್ ಮಾತ್ರ ನಮ್ಮ ಮನೆಯಲ್ಲಿ ಈಗಲೂ ದುಡಿಯುತ್ತಿದೆ. ಕೆಳಗಿನ ದಾರ ಸುತ್ತುವ ಬಾಬಿನ್, ಸೂಜಿ, ಬೆಲ್ಟು ಎಲ್ಲಾ ಇವತ್ತಿಗೂ ಊರಿನ ದಾರದ ಅಂಗಡಿಯಲ್ಲೇ ಸಿಗುತ್ತವೆ.

ಚಕ್ರ ತಿರುಗದಿದ್ದರೆ ಕೆಟ್ಟುಹೋಗಿದೆ ಅಂತ ಗುಜರಿಗೆ ಹಾಕಬೇಡಿ. ಬಹಳ ಸಲ ಅದು ಬರೀ ಒಣಗಿದ ಎಣ್ಣೆ. ಯಾರೋ ಎಂದೋ ಕೊಬ್ಬರಿ ಎಣ್ಣೆ ಬಿಟ್ಟಿರುತ್ತಾರೆ, ಅದು ಗೋಂದಿನ ಹಾಗೆ ಗಟ್ಟಿಯಾಗಿ ಕೂತಿರುತ್ತದೆ. ನಾನು ಮಷಿನ್‌ನ ತಲೆಯನ್ನು ಹಿಂದಕ್ಕೆ ಮಗುಚಿ, ಅಲ್ಲಾಡುವ ಪ್ರತಿ ಜಾಗಕ್ಕೂ ಸಣ್ಣ ಸಿರಿಂಜಿನಲ್ಲಿ ಎರಡೆರಡು ಹನಿ ಸೀಮೆಎಣ್ಣೆ ಬಿಟ್ಟು ರಾತ್ರಿಯೆಲ್ಲಾ ಹಾಗೇ ಬಿಟ್ಟೆ. ಬೆಳಿಗ್ಗೆ ಚಕ್ರವನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಿದೆ. ಬಲ ಹಾಕಲೇ ಬಾರದು. ಕಪ್ಪು ರಸ ಇಳಿಯಿತು, ಒರೆಸಿದೆ, ಮತ್ತೆ ಬಿಟ್ಟೆ. ಪೂರ್ತಿ ಬಿಡಿಸಿಕೊಂಡ ಮೇಲೆ ಸೀಮೆಎಣ್ಣೆ ಒರೆಸಿ ತೆಗೆದು ಮಷಿನ್ ಎಣ್ಣೆ ಹಾಕಿದೆ. ಮೈಮೇಲಿನ ಬಂಗಾರದ ಬಣ್ಣದ ಚಿತ್ರಕ್ಕೆ ಸೀಮೆಎಣ್ಣೆಯಾಗಲಿ ಸ್ಪಿರಿಟ್ ಆಗಲಿ ತಾಗಿಸಬೇಡಿ, ಚಿತ್ರವೇ ಎದ್ದುಬರುತ್ತದೆ. ಅಲ್ಲಿಗೆ ಮಷಿನ್ ಎಣ್ಣೆಯ ಮೆತ್ತನೆ ಬಟ್ಟೆ ಸಾಕು.

ಹೊಲಿಗೆ ಸರಿ ಬರದಿದ್ದರೆ ಎಲ್ಲರೂ ದಾರದ ಬಿಗಿ ಹೊಂದಿಸುವ ಟೆನ್ಷನ್ ಸ್ಕ್ರೂ ತಿರುಗಿಸಲು ಓಡುತ್ತಾರೆ. ಮೊದಲು ಸೂಜಿ ನೋಡಿ. ಸೂಜಿಯ ಮೇಲೆ ಉಗುರು ಎಳೆದರೆ ಒಂದು ಬದಿಯಲ್ಲಿ ಉದ್ದಕ್ಕೆ ಗೀರು ಸಿಗುತ್ತದೆ. ದಾರ ಒಳಗೆ ಹೋಗಬೇಕಾದ್ದು ಆ ಗೀರಿನ ಕಡೆಯಿಂದ. ನನ್ನ ಮಷಿನ್‌ನಲ್ಲಿ ಸೂಜಿಯ ಚಪ್ಪಟೆ ಬದಿ ಎಡಕ್ಕೆ ಬರುತ್ತದೆ, ದಾರ ಬಲದಿಂದ ಎಡಕ್ಕೆ ಪೋಣಿಸಬೇಕು. ದಾರ ಪೋಣಿಸುವಾಗ ಬಟ್ಟೆಯನ್ನು ಒತ್ತಿಹಿಡಿಯುವ ಫುಟ್ ಮೇಲೆತ್ತಿರಬೇಕು, ಇಲ್ಲದಿದ್ದರೆ ದಾರ ಟೆನ್ಷನ್ ಬಿಲ್ಲೆಗಳ ನಡುವೆ ಕೂರುವುದೇ ಇಲ್ಲ, ಆಮೇಲೆ ಬಟ್ಟೆಯ ಕೆಳಗೆ ದಾರ ಗಂಟುಗಂಟಾಗುತ್ತದೆ. ಬಾಬಿನ್ ಕೂರುವ ಪುಟ್ಟ ಡಬ್ಬಿ, ಅಂದರೆ ಬಾಬಿನ್ ಕೇಸಿನದು ಇನ್ನೂ ಸುಲಭ. ಅದರ ದಾರ ಹಿಡಿದು ನೇತುಹಾಕಿ. ಸುಮ್ನೆ ಹಿಡಿದರೆ ನಿಲ್ಲಬೇಕು, ಕೈ ಸ್ವಲ್ಪ ಜಗ್ಗಿದರೆ ಒಂದೆರಡು ಇಂಚು ಇಳಿದು ಮತ್ತೆ ನಿಲ್ಲಬೇಕು. ಅಷ್ಟಾದರೆ ಕೆಳಗಿನ ದಾರ ಸರಿ ಇದೆ ಅಂತ ಅರ್ಥ.

ಮೋಟಾರ್ ಹಾಕಿಸಿ ಅಂತ ತುಂಬಾ ಜನ ಹೇಳಿದರು. ನಾನು ಹಾಕಿಸಲಿಲ್ಲ, ಹಾಕಿಸುವುದೂ ಇಲ್ಲ. ದೊಡ್ಡ ಯಂತ್ರಗಳನ್ನು ಅನುಮಾನದಿಂದ ನೋಡುತ್ತಿದ್ದ ಗಾಂಧೀಜಿ 1924ರಲ್ಲಿ ಸಿಂಗರ್ ಹೊಲಿಗೆ ಮಷಿನ್‌ಗೆ ವಿನಾಯಿತಿ ಕೊಟ್ಟು, ಇದು ನಿಜಕ್ಕೂ ಉಪಯೋಗದ ವಸ್ತು ಎಂದಿದ್ದರು. ತುಳಿಯುತ್ತಾ ಹೊಲಿಯುವಾಗ ನನಗೆ ಅದು ಸರಿ ಅನಿಸುತ್ತದೆ. ಕಾಲರ್ ತಿರುವಿನಲ್ಲಿ ಒಂದೊಂದೇ ಹೊಲಿಗೆ ಹಾಕಬೇಕು ಅಂದರೆ ಕಾಲು ತಾನಾಗಿ ನಿಧಾನವಾಗುತ್ತದೆ. ನಮ್ಮ ಕಡೆ ಜುಲೈ ಮಳೆಗೆ ಕರೆಂಟ್ ಹೋದರೆ ಬರುವುದು ಯಾವಾಗಲೋ, ಇದಕ್ಕೆ ಅದರ ಹಂಗೇ ಇಲ್ಲ ಅಲ್ವಾ!

ಈಗ ನಾನು ಹೊಲಿಯುವ ವಿಷಯ. ಜಾಸ್ತಿ ಮಾಡಿದ್ದು ಹಳೇ ಕಾಟನ್ ಸೀರೆಗಳ ದಿಂಬಿನ ಕವರ್, ಮಕ್ಕಳ ಲಂಗ, ಪೆಟಿಕೋಟ್, ತೋಟದ ಕೆಲಸಕ್ಕೆ ಸೊಂಟಕ್ಕೆ ಕಟ್ಟುವ ಚೀಲ. ಓವರ್‌ಲಾಕ್ ಇಲ್ಲದೆ ಅಂಚು ಹೇಗೆ ಅಂತ ಕೇಳುತ್ತಾರೆ. ಫ್ರೆಂಚ್ ಸೀಮ್ ಹಾಕುತ್ತೇನೆ. ಎಲ್ಲರೂ ಬಟ್ಟೆಯ ಒಳಬದಿ ಮೇಲೆ ಮಾಡಿ ಹೊಲಿಯುತ್ತಾರಲ್ಲ, ಇದರಲ್ಲಿ ಮೊದಲು ಹೊರಬದಿ ಮೇಲಿಟ್ಟೇ ಅಂಚಿನಿಂದ ಕಾಲು ಇಂಚಿಗೆ ಒಂದು ಹೊಲಿಗೆ. ಎದ್ದಿರುವ ಅಂಚನ್ನು ಅರ್ಧ ಕತ್ತರಿಸಿ, ಬಟ್ಟೆ ಮಗುಚಿ, ಉಗುರಿನಲ್ಲಿ ತೀಡಿ ಮತ್ತೆ ಕಾಲು ಇಂಚಿಗೆ ಇನ್ನೊಂದು ಹೊಲಿಗೆ. ಕತ್ತರಿಸಿದ ಅಂಚು ಒಳಗೇ ಸೇರಿಕೊಳ್ಳುತ್ತದೆ, ಎಷ್ಟು ಒಗೆದರೂ ಎಳೆ ಬಿಡುವುದಿಲ್ಲ. ಒಳಗೂ ಹೊರಗೂ ಒಂದೇ ಅಚ್ಚುಕಟ್ಟು. ಹಾಗೆ ಹೊಲಿದ ಲಂಗವನ್ನು ತಿರುವಿ ನೋಡಿದಾಗ ಆಗುವ ಖುಷಿಯೇ ಬೇರೆ.

ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ ಹರಿದ ಕೊಡೆಯ ಬಟ್ಟೆಯ ಚೀಲ. ಮಲೆನಾಡಿನಲ್ಲಿ ಮುರಿದ ಕೊಡೆಗೆ ಬರವೇ? ಕಡ್ಡಿಯಿಂದ ಬಟ್ಟೆ ಬಿಡಿಸಿ, ಸೋಪಿನಲ್ಲಿ ಒಗೆದು, ಎಂಟು ತ್ರಿಕೋನಗಳನ್ನು ಬೇರೆ ಮಾಡಿ. ಅವುಗಳ ಬದಿ ಸ್ವಲ್ಪ ಬಾಗಿರುತ್ತದೆ, ಸ್ಕೇಲಿಟ್ಟು ನೇರ ಮಾಡಿಕೊಳ್ಳಿ. ಒಂದನ್ನು ನೆಟ್ಟಗೆ, ಪಕ್ಕದ್ದನ್ನು ತಲೆಕೆಳಗಾಗಿ ಇಟ್ಟು ಜೋಡಿಸುತ್ತಾ ಹೋದರೆ ಉದ್ದನೆಯ ಪಟ್ಟಿಯಾಗುತ್ತದೆ. ಎರಡು ತುದಿಯ ಓರೆ ಕತ್ತರಿಸಿ, ಮಡಚಿ, ಪಕ್ಕ ಹೊಲಿದರೆ ಚೀಲ. ಈ ಬಟ್ಟೆ ಜಾರುತ್ತದೆ, ಬಟ್ಟೆಯನ್ನು ಮುಂದೆ ತಳ್ಳುವ ಕೆಳಗಿನ ಹಲ್ಲುಗಳಿಗೆ ಸಿಗುವುದಿಲ್ಲ. ಅದಕ್ಕೆ ಕೆಳಗೆ ದಿನಪತ್ರಿಕೆಯ ಪಟ್ಟಿ ಇಟ್ಟು ಕಾಗದದ ಜೊತೆಗೇ ಹೊಲಿಯುತ್ತೇನೆ, ಆಮೇಲೆ ಕಾಗದ ಹರಿದು ತೆಗೆಯುತ್ತೇನೆ. ಸೂಜಿ 11ನೇ ನಂಬರು. ಗೋಣಿ ಹೊಲಿಯುವುದಾದರೆ 18 ಬೇಕು, ಮುಗಿದ ಮೇಲೆ ಹಲ್ಲುಗಳ ಸಂದಿಯಲ್ಲಿ ಕೂತ ನಾರಿನ ಧೂಳನ್ನು ಬ್ರಶ್‌ನಲ್ಲಿ ತೆಗೆಯಲೇಬೇಕು.

ಮಳೆಗಾಲದಲ್ಲಿ ಇಲ್ಲಿನ ತೇವಕ್ಕೆ ಕಬ್ಬಿಣ ಉಳಿಯುವುದು ಕಷ್ಟ. ಪ್ಲಾಸ್ಟಿಕ್ ಹೊದಿಸಿದರೆ ತೇವ ಒಳಗೇ ನಿಲ್ಲುತ್ತದೆ, ನಾನು ದಪ್ಪ ಕಾಟನ್ ಬಟ್ಟೆ ಹೊದಿಸುತ್ತೇನೆ. ಬಾಬಿನ್‌ಗಳನ್ನು ಅಕ್ಕಿ ಗಂಟು ಹಾಕಿದ ಡಬ್ಬಿಯಲ್ಲಿ ಇಡುತ್ತೇನೆ, ಇಲ್ಲದಿದ್ದರೆ ತುಕ್ಕು ದಾರಕ್ಕೆ ಹತ್ತಿ ಬಿಳಿ ಬಟ್ಟೆ ಹಾಳು. ಚರ್ಮದ ಬೆಲ್ಟು ಸಡಿಲಾದರೆ ಅರ್ಧ ಇಂಚು ಕತ್ತರಿಸಿ, ಮೊಳೆಯಲ್ಲಿ ಹೊಸ ತೂತು ಮಾಡಿ ಕೊಂಡಿ ಸಿಕ್ಕಿಸಿದರೆ ಆಯಿತು. ಎಣ್ಣೆ ಹಾಕಿದ ದಿನ ಒಳ್ಳೆಯ ಬಟ್ಟೆ ಮುಟ್ಟದೆ ಹಳೇ ಚಿಂದಿಯ ಮೇಲೆ ಸ್ವಲ್ಪ ಹೊತ್ತು ಓಡಿಸಿ, ಜಾಸ್ತಿಯಾದ ಎಣ್ಣೆ ಅದಕ್ಕೇ ಹೋಗುತ್ತದೆ.