ಬಂಗಾರ ಕೊಳ್ಳುವಾಗ ಅಂಗಡಿಯಲ್ಲೇ ಎಚ್‌ಯುಐಡಿ ನೋಡಿ

ಬೆಳಗಾವಿಯ ಶಹಾಪುರದಲ್ಲಾಗಲಿ ಖಡೇಬಜಾರದಲ್ಲಾಗಲಿ ಬಂಗಾರ ತಗೊಳ್ಳುವಾಗ ದುಡ್ಡು ಕೊಡೋ ಮೊದಲು ಒಡವೆ ಮೇಲಿನ ಎಚ್‌ಯುಐಡಿಯನ್ನು, ಅಂದರೆ ಶುದ್ಧತೆ ಪರೀಕ್ಷಿಸಿ ಹಾಲ್‌ಮಾರ್ಕ್ ಮುದ್ರೆ ಒತ್ತುವಾಗ ಕೊಡೋ ಗುರುತಿನ ಸಂಖ್ಯೆಯನ್ನು, ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಅಕ್ಷರ, ಅಂಕಿ ಸೇರಿ 6 ಇರುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣದು, ಪಾಟ್ಲಿ ಬಳೆಯಾದರೆ ಒಳಬದಿಗೆ ಇರುತ್ತದೆ. ಅಂಗಡಿಯವರ ಹತ್ತಿರ ಭೂತಗನ್ನಡಿ ಕೇಳಿ, ಸಂಕೋಚ ಬೇಡ. ಪ್ರತಿ ಒಡವೆಗೂ ಬೇರೆ ಸಂಖ್ಯೆ ಇರೋದರಿಂದ ಅದು ಯಾವ ಒಡವೆ, ಎಷ್ಟು ಶುದ್ಧ, ಯಾವ ಕೇಂದ್ರದಲ್ಲಿ ಪರೀಕ್ಷೆ ಆಯ್ತು ಅಂತ ಆ್ಯಪ್ ತೋರಿಸುತ್ತದೆ. ಕೈಯಲ್ಲಿ ಪಾಟ್ಲಿ ಇದ್ದು ಆ್ಯಪ್ ಉಂಗುರ ಅಂದರೆ, ಸಂಖ್ಯೆ ಕದ್ದು ಹಾಕಿರಬಹುದು. ಸುಮ್ನೆ ಎದ್ದು ಬನ್ನಿ. 916 (22 ಕ್ಯಾರೆಟ್) ಅಂತ ಒತ್ತಿದ್ದು ಮಾತ್ರ ನೋಡಿ ನಂಬಬೇಡಿ. ಅಯಸ್ಕಾಂತವೂ ಸಾಲದು, ತಾಮ್ರ ಹಿತ್ತಾಳೆ ಅದಕ್ಕೆ ಅಂಟೋದೇ ಇಲ್ಲ. 2 ಗ್ರಾಂಗಿಂತ ಕಡಿಮೆ ತೂಕದ ಗುಂಡು, ಮೂಗುಬೊಟ್ಟಿಗೆ ಹಾಲ್‌ಮಾರ್ಕ್ ಕಡ್ಡಾಯ ಇಲ್ಲ. ಅಜ್ಜಿ ಕಾಲದ ಒಡವೆಗಳಲ್ಲೂ ಈ ಸಂಖ್ಯೆ ಸಿಗಲ್ಲ. ಅವನ್ನು ಹಾಲ್‌ಮಾರ್ಕಿಂಗ್ ಕೇಂದ್ರದಲ್ಲೇ ಪರೀಕ್ಷೆ ಮಾಡಿಸಬೇಕು. ಇನ್ನೊಂದು, ಬೋರಮಾಳ ಸರದ ಗುಂಡಿನೊಳಗೆ ಅರಗು ತುಂಬಿರುತ್ತಾರೆ. ಬಂಗಾರ ಶುದ್ಧವಿದ್ದರೂ ತೂಕದಲ್ಲಿ ಅರಗು ಸೇರಿಕೊಳ್ಳಬಹುದು, ಹಾಗಾಗಿ ಬಿಲ್‌ನಲ್ಲಿ ಬಂಗಾರದ ನಿವ್ವಳ ತೂಕ ಬೇರೆ ಬರೆಸಿಕೊಳ್ಳಿ.